ಬೆವರುವ ಲೇತು

ಮಲೆನಾಡಿನ ಹೊಸನಗರದಂಥ ಊರಲ್ಲಿ ಲೇತು ಸಾಕುವುದು ಎಮ್ಮೆ ಸಾಕುವುದಕ್ಕಿಂತ ಕಷ್ಟ. ಎಮ್ಮೆಗೆ ಮಳೆಯೆಂದರೆ ಖುಷಿ, ಲೇತಿಗೆ ತುಕ್ಕು. ನನ್ನ ಲೇತು ಹುಟ್ಟಿದ್ದು ಪಂಜಾಬಿನ ಬಟಾಲಾದಲ್ಲಿ. ನಾಲ್ಕೂವರೆ ಅಡಿ ಬೆಡ್ಡು, ಬೀಡುಕಬ್ಬಿಣದ ಮೈ. ಬೆಂಗಳೂರಿನ ಪೀಣ್ಯದಲ್ಲಿ ಬಾಗಿಲು ಹಾಕಿದ ಸಣ್ಣ ಶೆಡ್ಡೊಂದರಿಂದ ತಂದು, ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಯಲ್ಲಿ ಕೂರಿಸಿದ್ದೇನೆ. ಆ ಶೆಡ್ಡಿನಲ್ಲಿ ದಿನವಿಡೀ ಓಡುತ್ತಿದ್ದಾಗ ಎಣ್ಣೆ ತಾನಾಗಿ ಮೈಯೆಲ್ಲ ಹರಿದಾಡುತ್ತಿತ್ತು. ಭಾನುವಾರಕ್ಕೊಮ್ಮೆ ಓಡಿಸುವ ನನ್ನ ಕೈಗೆ ಸಿಕ್ಕ ಮೇಲೆ ಅದಕ್ಕೆ ಗ್ರಹಚಾರ ಶುರುವಾಯಿತು.

ನೋಡಲು ಬಂದವರೆಲ್ಲ ಮೊದಲು ಕತ್ತೆತ್ತಿ ಹೆಂಚು ನೋಡುತ್ತಾರೆ. "ಸೋರ್ತದಾ ಮಾರಾಯ್ರೆ?" ಸೋರುವುದಿಲ್ಲ. ತುಕ್ಕು ಹಿಡಿಯಲು ಮಾಡು ಸೋರಲೇಬೇಕೆಂದೇನೂ ಇಲ್ಲ, ಗಾಳಿ ಸಾಕು. ರಾತ್ರಿಯೆಲ್ಲ ತಣ್ಣಗಾದ ಕ್ವಿಂಟಾಲುಗಟ್ಟಲೆ ಕಬ್ಬಿಣ ಬೆಳಗಾಯಿತೆಂದು ತಟ್ಟನೆ ಬೆಚ್ಚಗಾಗುವುದಿಲ್ಲ. ಗಾಳಿ 25 ಡಿಗ್ರಿ, ತೇವಾಂಶ ಶೇ. 90 ಇದ್ದು (ಆರಿದ್ರಾ ಮಳೆಯಲ್ಲಿ ಇದು ಮಾಮೂಲು) ಕಬ್ಬಿಣ 23 ಡಿಗ್ರಿಗೆ ಇಳಿದಿದ್ದರೆ ಮುಗಿಯಿತು, ಮೈಮೇಲೆ ಇಬ್ಬನಿ ಕೂರುತ್ತದೆ. ಅದರ ಜೊತೆ ಮನುಷ್ಯರ ಬೆವರಿನ ಉಪ್ಪೂ ಸೇರಿದರಂತೂ ಕೇಳಬೇಡಿ. ಪಕ್ಕದ ಮನೆಯ ಹುಡುಗ ಒಂದು ಸಂಜೆ ಬೆಡ್ಡಿನ ಮೇಲೆ ಕೈಯೂರಿ ನಿಂತು ಮಾತಾಡಿಸಿ ಹೋದ. ಮಾರನೆಯ ದಿನ ಅಲ್ಲಿ ನಾಲ್ಕು ಬೆರಳು ಕಂದುಗೆಂಪಾಗಿ ಮೂಡಿದ್ದವು, ಚರ್ಮದ ಗೆರೆಗಳ ಸಮೇತ. ಪೊಲೀಸರಿಗೂ ಅಷ್ಟು ಚಂದದ ಬೆರಳಚ್ಚು ಸಿಗಲಿಕ್ಕಿಲ್ಲ.

ಎಲ್ಲರೂ ಹೇಳುವ ಮದ್ದು ಡಬ್ಲ್ಯುಡಿ-40. ಅಮೆರಿಕದ ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿ 1953ರಲ್ಲಿ ಮಾಡಿದ್ದು. ಮೊದಲು ಬಳಕೆಯಾದದ್ದು ಅಟ್ಲಾಸ್ ಕ್ಷಿಪಣಿಯ ತೆಳು ಮೈಗೆ. ನಲವತ್ತನೆಯ ಸಲ ಪಾಕ ಕೂಡಿಬಂತೆಂದು ಆ ಅಂಕಿ.  ನೀರನ್ನು ಓಡಿಸುವುದರಲ್ಲಿ ಈ ಡಬ್ಬಿ ನಿಸ್ಸೀಮ. ಆದರೆ ಹೆಚ್ಚಿನ ಪಾಲು ಹಾರಿಹೋಗುವ ದ್ರಾವಕ. ಉಳಿಯುವ ಪದರ ಮಲೆನಾಡಿನ ಮಳೆಗಾಲ ದಾಟಿಸುವಂಥದ್ದಲ್ಲ. ಹಾಗಾಗಿ ಅದರಿಂದ ನೀರು ಬಿಡಿಸಿ, ಒರೆಸಿ, ಮೇಲೆ 68ರ ಗ್ರೇಡಿನ ಸ್ಲೈಡ್‌ವೇ ಆಯಿಲ್ ಬಳಿಯುತ್ತೇನೆ. ಅದು ದಪ್ಪ, ಕಚ್ಚಿಕೊಂಡು ಕೂರುತ್ತದೆ.

ಎಣ್ಣೆಗಿಂತ ನಾನು ನಂಬಿರುವುದು ಬಿಸಿಯನ್ನು. ಹೆಡ್‌ಸ್ಟಾಕಿನ ಕೆಳಗೆ ಹಳೇ ಕಾಲದ 40 ವ್ಯಾಟಿನ ಬಲ್ಬು ರಾತ್ರಿಯೆಲ್ಲ ಉರಿಯುತ್ತದೆ. ಕಬ್ಬಿಣ ಗಾಳಿಗಿಂತ ಒಂಚೂರು ಬೆಚ್ಚಗಿದ್ದರೆ ಇಬ್ಬನಿಯ ಪ್ರಶ್ನೆಯೇ ಇಲ್ಲ. ಅಂಗಡಿಯವನು ಮಾತ್ರ, "ಎಲ್‌ಇಡಿ ತಗೊಳ್ಳಿ ಸರ್, ಬಿಸಿನೇ ಆಗಲ್ಲ" ಎಂದು ಪ್ರತಿ ಸಲ ಬುದ್ಧಿ ಹೇಳುತ್ತಾನೆ. ಟೂಲ್ ಪೆಟ್ಟಿಗೆಯಲ್ಲಿ ಹಳೆಯ ಟರ್ನರುಗಳ ಹಾಗೆ ಕರ್ಪೂರ ಇಡುತ್ತೇನೆ. ಅದರ ಆವಿ ಡ್ರಿಲ್ಲು, ಮೈಕ್ರೋಮೀಟರುಗಳ ಮೇಲೆ ತೆಳ್ಳಗೆ ಕೂರುತ್ತದೆ. ದೇವರ ಮನೆಯ ಡಬ್ಬಿ ಬೇಗ ಖಾಲಿಯಾಗುವುದರ ಬಗ್ಗೆ ಮನೆಯಲ್ಲಿ ಮಾತು ನಡೆದಿದೆ. ಬಲ್ಬಿನ ಹತ್ತಿರ ಮಾತ್ರ ಕರ್ಪೂರ ಇಡಬೇಡಿ, ಮಂಗಳಾರತಿಯೇ ಆದೀತು.

ತುಕ್ಕಿನ ವಿಷಯದಲ್ಲಿ ನಮ್ಮ ತಾಲೂಕಿನವರು ಸ್ವಲ್ಪ ಮೀಸೆ ತಿರುವಬಹುದು. ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯೆದುರು ಹಳೆಯ ಕಮ್ಮಾರರ ಕಬ್ಬಿಣದ ಕಂಬ ಅಷ್ಟೂ ಮಳೆಗೆ ಮೈಯೊಡ್ಡಿ ನಿಂತಿದೆ. ಅದಕ್ಕೆ ಎಣ್ಣೆಯೂ ಇಲ್ಲ, ಬಲ್ಬೂ ಇಲ್ಲ. ಹೀಗೇ ತುಕ್ಕಿಗೆ ಜಗ್ಗದ ದೆಹಲಿಯ ಕಬ್ಬಿಣದ ಕಂಬದ ಗುಟ್ಟನ್ನು ಕಾನ್ಪುರ ಐಐಟಿಯಲ್ಲಿದ್ದ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು: ಆ ಕಬ್ಬಿಣದಲ್ಲಿ ರಂಜಕ ಹೆಚ್ಚು, ಅದರಿಂದಾಗಿ ತುಕ್ಕೇ ಬಿಗಿಯಾದ ತೆಳು ಪದರವಾಗಿ ಒಳಗಿನದನ್ನು ಕಾಯುತ್ತದೆ. ಕಂಬಕ್ಕೆ ಅದು ಸರಿ. ಮಿಲಿಮೀಟರಿನ ನೂರನೆಯ ಒಂದು ಪಾಲನ್ನೂ ಲೆಕ್ಕ ಹಿಡಿಯುವ ಬೆಡ್ಡಿಗೆ ಆ ತೆಳು ಪದರವೂ ಹೊರೆ.

ಕೊನೆಯದಾಗಿ ಹೊದಿಕೆ. ಪ್ಲಾಸ್ಟಿಕ್ ಹಾಸಿ ಹಗ್ಗ ಬಿಗಿದು ನೆಮ್ಮದಿಯಾಗಿರುವವರು ಬಹಳ. ಆದರೆ ಸಿಮೆಂಟು ನೆಲದಿಂದ ಏಳುವ ತೇವ ಅದರೊಳಗೇ ಸಿಕ್ಕಿಬಿದ್ದು, ಹೊರಗಿನದಕ್ಕಿಂತ ಜೋರಾಗಿ ತುಕ್ಕು ತರುತ್ತದೆ. ಗಾಳಿಯಾಡುವ ದಪ್ಪ ಹತ್ತಿ ಬಟ್ಟೆ ಹೊದಿಸಿ. ನಿಮ್ಮ ಮನೆಯಲ್ಲೂ ಲೇತೋ ಡ್ರಿಲ್ಲಿಂಗ್ ಮಷಿನ್ನೋ ಇದ್ದರೆ ಇವತ್ತೇ ಆ ಪ್ಲಾಸ್ಟಿಕ್ ತೆಗೆದುಬಿಡಿ. ಯಾವ ಎಣ್ಣೆ ಎಂಬ ಚರ್ಚೆ ನಾಳೆಗಿರಲಿ.