ಇನ್ನೊಂದು ಮಳೆಗಾಲ ತಡೆಯುವ ಚಪ್ಪಲಿ

ನಮ್ಮ ಹಳಿಯಾಳ, ದಾಂಡೇಲಿ ಸೀಮೆಯ ಮನೆಗಳಲ್ಲಿ ಚಪ್ಪಲಿಗೂ ಒಂದು ಪಂಚಾಂಗವಿತ್ತು. ಮೇ ತಿಂಗಳ ಕೊನೆಗೆ ಗುಡುಗು ಶುರುವಾಯಿತೆಂದರೆ ಚರ್ಮದ ಚಪ್ಪಲಿಗಳೆಲ್ಲ ಅಟ್ಟ ಹತ್ತುತ್ತಿದ್ದವು. ಅದಕ್ಕೂ ಮೊದಲು ಅವಕ್ಕೆ ಹರಳೆಣ್ಣೆ ಸವರಿ, ನೆರಳಲ್ಲಿ ಆರಲು ಬಿಟ್ಟು, ಹಳೆಯ ಪೇಪರಿನಲ್ಲಿ ಸುತ್ತುವ ಕೆಲಸ ಮಕ್ಕಳ ಪಾಲಿಗೆ. ಒಲೆಯ ಹೊಗೆ ತಾಗುವ ಕಡೆಯೇ ಇಡಬೇಕು. ಇಲ್ಲದಿದ್ದರೆ ನಾಗರಪಂಚಮಿಯ ಹೊತ್ತಿಗೆ ಬಿಳಿ ಬೂಷ್ಟು ಹಿಡಿದು, ದಸರೆಗೆ ತೆಗೆದಾಗ ಹೊಲಿಗೆಯೇ ಬಿಟ್ಟುಕೊಂಡಿರುತ್ತಿತ್ತು. ಅಲ್ಲಿಯವರೆಗೆ ಹವಾಯಿ ಚಪ್ಪಲಿಯದೇ ಕಾರುಬಾರು.

ಹವಾಯಿ ಅಂದರೆ ಬೆನ್ನ ತುಂಬ ಕೆಸರಿನ ಚುಕ್ಕಿ. ಬಿಳಿ ಅಂಗಿಯ ಹಿಂಭಾಗ ನೋಡಿದರೆ ಸಾಕು, ಯಾರು ನಡೆದು ಬಂದವರು, ಯಾರು ಬಸ್ಸಿನಲ್ಲಿ ಬಂದವರು ಎಂದು ಮಾಸ್ತರರಿಗೆ ಗೊತ್ತಾಗುತ್ತಿತ್ತು. ಜೋಯಿಡಾ ಕಡೆಯ ಗೆಳೆಯರ ಕಾಲ್ಬೆರಳ ಸಂದಿಯಲ್ಲಿ ಉಂಬಳ ಕಚ್ಚಿದ ಗುರುತೂ ಇರುತ್ತಿತ್ತು. ಕೆಸರಲ್ಲಿ ಹೂತ ಕಾಲನ್ನು ಎಳೆದರೆ ಮೊದಲು ಕೈಕೊಡುವುದು ಉಂಗುಷ್ಟ. ಗುಂಡಿ ಬರೀ ತೂತಿನಿಂದ ಕಿತ್ತು ಬಂದಿದ್ದರೆ ನಿಂತಲ್ಲೇ ಒತ್ತಿ ಕೂರಿಸಿ ನಡೆಯುತ್ತಿದ್ದೆವು. ತೂತು ಅಗಲವಾಗಿದ್ದರೆ ಸೋಡಾ ಬಾಟಲಿಯ ಮುಚ್ಚಳವನ್ನು ಚಪ್ಪಟೆ ಮಾಡಿ, ಮೊಳೆಯಿಂದ ತೂತು ಹೊಡೆದು, ಅಟ್ಟೆಯ ಕೆಳಗೆ ವಾಷರಿನ ಹಾಗೆ ಕೊಡುತ್ತಿದ್ದೆವು. ಗುಂಡಿಯೇ ಹರಿದರೆ ಪಿನ್ನು. ಅವ್ವನ ಬಳೆಯಲ್ಲಿ ಸದಾ ನೇತಾಡುತ್ತಿದ್ದ ಪಿನ್ನುಗಳು ಹೆಚ್ಚಾಗಿ ಖರ್ಚಾದದ್ದು ಚಪ್ಪಲಿಗಳಿಗೇ. ಬಾರು ಪೂರ್ತಿ ಹೋದರೆ ಸಂತೆಯಲ್ಲಿ ಬಾರು ಮಾತ್ರ ಬೇರೆ ಸಿಗುತ್ತಿತ್ತು. ನೀಲಿ ಅಟ್ಟೆಗೆ ಹಸಿರು ಬಾರು ಬಂದರೂ ಯಾರೂ ನಗುತ್ತಿರಲಿಲ್ಲ, ಎಲ್ಲರ ಕಾಲಲ್ಲೂ ಅದೇ. ಕೊನೆಗೆ ಹಿಮ್ಮಡಿಯ ಹತ್ತಿರ ನೆಲ ಕಾಣುವಷ್ಟು ಅಟ್ಟೆ ಸವೆದ ಮೇಲೆ ಅದು ಮಕ್ಕಳ ಆಸ್ತಿ. ಬ್ಲೇಡಿನಿಂದ ದುಂಡಗೆ ಕೊಯ್ದರೆ ಆಟದ ಗಾಡಿಗೆ ನಾಲ್ಕು ಗಾಲಿ.

ಚರ್ಮದ ಚಪ್ಪಲಿಗೆ, ಮಳೆಗಾಲದ ಪ್ಲಾಸ್ಟಿಕ್ ಸ್ಯಾಂಡಲ್‌ಗೆ ಮಾತ್ರ ಚಪ್ಪಲಿ ಹೊಲಿಯುವ ಅಜ್ಜನ ಹತ್ತಿರವೇ ಹೋಗಬೇಕು. ದಾಂಡೇಲಿಯ ಪೇಟೆಯಲ್ಲಿ, ಮರದ ಬುಡದಲ್ಲಿ ದೊಡ್ಡ ಕರಿ ಕೊಡೆ ಕಟ್ಟಿಕೊಂಡು ಕೂರುತ್ತಿದ್ದ. ಮುಂದೆ ಮೂರು ಕಾಲಿನ ಕಬ್ಬಿಣ, ಪಕ್ಕದಲ್ಲಿ ನೀರಿನ ಡಬ್ಬಿ, ಗೋಣಿಚೀಲದ ಮೇಲೆ ಆರಿ, ರಂಪಿಗೆ, ಮೊಳೆಯ ಡಬ್ಬ. ಪ್ಲಾಸ್ಟಿಕ್ ಚಪ್ಪಲಿ ತುಂಡಾಗಿದ್ದರೆ ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಕೆಂಡದಲ್ಲಿ ಕಾಯಿಸಿ ಎರಡೂ ತುದಿಗೆ ಮುಟ್ಟಿಸುವನು. ಚುಂಯ್ ಎಂದು ಕರಗಿದ ಕೂಡಲೇ ಒಂದಕ್ಕೊಂದು ಒತ್ತಿ, ಮೇಲೆ ಹಳೆಯ ಚಪ್ಪಲಿಯ ಚೂರೊಂದನ್ನು ಕರಗಿಸಿ ತೇಪೆ ಹಾಕುವನು. ಆ ಕಮಟು ವಾಸನೆ ಈಗ ನೆನೆದರೂ ಮೂಗಿಗೆ ಬರುತ್ತದೆ.

ಅವನ ಹೊಲಿಗೆಯನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಮೊದಲು ಅಟ್ಟೆಯ ಅಂಚಿನಲ್ಲಿ ರಂಪಿಗೆಯಿಂದ ಒಂದು ಸಣ್ಣ ಗೀರು, ಸುತ್ತಲೂ. ದಾರ ಆ ಗೀರಿನೊಳಗೆ ಕೂತರೆ ನೆಲಕ್ಕೆ ಉಜ್ಜುವುದಿಲ್ಲ. ದಾರಕ್ಕೆ ಜೇನುಮೇಣ ತಿಕ್ಕುತ್ತಿದ್ದ. ಜೋಯಿಡಾದ ಕಾಡಿನಿಂದ ಬಂದದ್ದೇ ಆಗಬೇಕು, ಅಂಗಡಿಯದು ಬಿಸಿಲಿಗೆ ಇಳಿಯುತ್ತದೆ ಎನ್ನುವುದು ಅವನ ನಂಬಿಕೆ. ಆರಿಯ ತುದಿಯಲ್ಲೊಂದು ಕೊಕ್ಕೆ. ಮೇಲಿನಿಂದ ಚುಚ್ಚಿ, ಅಡಿಯಲ್ಲಿ ಹಿಡಿದ ದಾರವನ್ನು ಕೊಕ್ಕೆಗೆ ಸಿಗಿಸಿ ಮೇಲೆಳೆದರೆ ಕುಣಿಕೆಯಾಗುತ್ತದೆ. ಆ ಕುಣಿಕೆಯೊಳಗೆ ಇನ್ನೊಂದು ತುದಿ ತೂರಿಸಿ ಎರಡೂ ಕಡೆ ಜಗ್ಗಿದರೆ ಗಂಟು ಅಟ್ಟೆಯ ಹೊಟ್ಟೆಯಲ್ಲೇ ಬೀಳುತ್ತದೆ. ಹಾಗಾಗಿ ಒಂದು ಹೊಲಿಗೆ ಹರಿದರೂ ಪಕ್ಕದ್ದು ಬಿಚ್ಚುವುದಿಲ್ಲ. ಅವ್ವ ಒಮ್ಮೆ, “ಅಜ್ಜಾ, ಇದ್ರ ಆಯುಷ್ಯ ಮುಗೀತೇನ?” ಎಂದು ಕೇಳಿದ್ದಳು. ಅವನು ಚಪ್ಪಲಿಯನ್ನು ಎರಡಾಗಿ ಬಗ್ಗಿಸಿ ನೋಡಿ, “ಒಗೀಬ್ಯಾಡ್ರಿ ಅಕ್ಕಾರ, ಇನ್ನೊಂದ್ ಮಳಿಗಾಲ ತಡೀತಾವ” ಎಂದ. ತಡೆದವು ಕೂಡ.

ದಾಂಡೇಲಿಯಲ್ಲಿ 1959ರಲ್ಲಿ ಕಾಗದ ತೆಗೆಯಲು ಶುರುಮಾಡಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ಎಲ್ಲೆಲ್ಲಿಯವರನ್ನೋ ಕರೆತಂದಿತ್ತು. ಕೊಂಕಣಿ, ಮರಾಠಿ, ತೆಲುಗು, ಉರ್ದು, ಹಿಂದಿ ಎಲ್ಲವೂ ಆ ಮರದ ಕೆಳಗೆ ಕೇಳುತ್ತಿದ್ದವು. ಅಜ್ಜ ಎಲ್ಲದರಲ್ಲೂ ಚೌಕಾಶಿ ಮಾಡಬಲ್ಲವನಾಗಿದ್ದ. ಮಿಲ್ಲಿಗೆ ಬಿದಿರು ತರುವ ಲಾರಿಗಳು ಘಟ್ಟದ ದಾರಿಯಲ್ಲಿ ಟಯರು ತಿನ್ನುತ್ತಿದ್ದವು. ಆ ಟಯರೇ ಅಜ್ಜನಿಗೆ ಅಟ್ಟೆ. ರಂಪಿಗೆಯನ್ನು ನೀರಲ್ಲಿ ಅದ್ದಿ ಅದ್ದಿ ಕೊಯ್ಯುತ್ತಿದ್ದ. ಒಣ ಅಲಗು ರಬ್ಬರಿನಲ್ಲಿ ಕಚ್ಚಿಕೊಳ್ಳುತ್ತದೆ. ಟಯರಿನೊಳಗಿನ ನೂಲಿನ ಪದರ ಹೊಲಿಗೆಯನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು. ಹೊಸದರಲ್ಲಿ ಟಯರಿನ ಬಾಗು ಹೋಗದೆ ಚಪ್ಪಲಿ ತೂಗಾಡುತ್ತಿತ್ತು, ಆಮೇಲೆ ಪಾದಕ್ಕೆ ಒಗ್ಗುತ್ತಿತ್ತು. ಕೂಪಿಗೆ ಹೋಗುವ ಕೂಲಿಗಳು, ಎಮ್ಮೆ ಕಾಯುವ ಗೌಳಿಗರು ಬೇರೆ ಚಪ್ಪಲಿ ಕೇಳಿದ್ದನ್ನು ನಾನು ಕಾಣೆ. ಮುಳ್ಳು ಒಳಗೆ ಬರುತ್ತಿರಲಿಲ್ಲ.

ಸೂಪಾ ಅಣೆಕಟ್ಟೆಗೆ ಊರು ಬಿಟ್ಟು ರಾಮನಗರಕ್ಕೆ ಹೋದ ನೆಂಟರು ಪೇಟೆಗೆ ಬಂದಾಗಲೆಲ್ಲ ಅಜ್ಜನಲ್ಲಿಗೆ ಹೋಗುತ್ತಿದ್ದರು. 1987ರಲ್ಲಿ ಕಟ್ಟೆ ಮುಗಿಯುವ ಹೊತ್ತಿಗೆ ಹಳೆಯ ಸೂಪಾ ಪೇಟೆ ನೀರಿನೊಳಗಾಗಿತ್ತು. ಮನೆ, ಗದ್ದೆ, ಅಂಗಳದ ತುಳಸಿಕಟ್ಟೆ ಬಿಟ್ಟು ಬಂದವರು ಹರಿದ ಚಪ್ಪಲಿಯನ್ನು ಮಾತ್ರ ಬಿಡದೆ ಹೊಲಿಸಿಕೊಂಡು ಹೋಗುವುದನ್ನು ನೋಡಿ ನನಗೆ ಆಗ ವಿಚಿತ್ರವೆನಿಸಿತ್ತು. ಈಗ ಹಾಗೆನಿಸುವುದಿಲ್ಲ.

ಅವ್ವನ ತವರು ಮುಂಡಗೋಡ. ಅಲ್ಲಿ ಹೊಲಿಯುವವನ ಮುಂದೆ ಸರದಿ ಕಾಯುವವರಲ್ಲಿ ಕೆಂಪು ವಸ್ತ್ರದ ಟಿಬೆಟನ್ ಲಾಮಾಗಳೂ ಇರುತ್ತಿದ್ದರು. 1966ರಲ್ಲಿ ನೆಲೆಯೂರಿದ ಅವರ ಕ್ಯಾಂಪು ಅಷ್ಟು ಹೊತ್ತಿಗೆ ಊರಿನ ಭಾಗವೇ ಆಗಿತ್ತು. ಒಂದು ಚಪ್ಪಲಿ ಹೊಲಿಯಲು ಕೊಟ್ಟು, ಇನ್ನೊಂದನ್ನು ಕಾಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿರುತ್ತಿದ್ದ ಲಾಮಾ, ಪಕ್ಕದಲ್ಲಿ ಅದೇ ಸ್ಥಿತಿಯಲ್ಲಿ ನನ್ನ ಮಾಮಾ. ಇಬ್ಬರ ನಡುವೆ ಶುಂಠಿ ರೇಟಿನ ಮಾತು.

ಅಜ್ಜನ ಕೈಗೆ ಊರು ಕಾಲು ಕೊಟ್ಟಿತ್ತು, ಆದರೆ ಅವನಿಗೆ ಚಹಾ ಬರುತ್ತಿದ್ದದ್ದು ಬೇರೆ ಕಪ್ಪಿನಲ್ಲಿ. ಕುಡಿದು ಅವನೇ ತೊಳೆದು ಬೋರಲು ಹಾಕಬೇಕಿತ್ತು. ಇದನ್ನು ಬಿಟ್ಟು ಆ ದಿನಗಳನ್ನು ಬರೀ ಸಿಹಿಯಾಗಿ ನೆನೆಯಲು ನನ್ನಿಂದಾಗದು. ಅವನ ಕೊಡೆಯ ಕೋಲಿಗೆ ಹರಳಯ್ಯನ ಪಟ ತೂಗುತ್ತಿತ್ತು. ಬಸವಣ್ಣ ತನ್ನ ಒಂದು ಶರಣಿಗೆ ಎರಡು ಶರಣು ಹೇಳಿದನೆಂದು, ತನ್ನ ಮತ್ತು ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದ ಹರಳಯ್ಯನ ಕಥೆಯನ್ನು ನಾನು ಮೊದಲು ಕೇಳಿದ್ದು ಶಾಲೆಯಲ್ಲಲ್ಲ, ಅಲ್ಲಿ. ಹರಳಯ್ಯನ ಮಗನಿಗೆ ಮಧುವರಸ ಮಗಳನ್ನು ಕೊಟ್ಟದ್ದಕ್ಕೇ ಕಲ್ಯಾಣದಲ್ಲಿ ರಕ್ತ ಹರಿಯಿತು, ಶರಣರು ಚದುರಿದರು, ಚನ್ನಬಸವಣ್ಣ ನಮ್ಮ ಜೋಯಿಡಾದ ಉಳವಿಗೆ ಬಂದು ಐಕ್ಯನಾದ. “ನಮ್ಮವನಿಂದ್ಲೇ ಉಳವಿ ಆತು ತಮ್ಮಾ” ಎಂದು ಅಜ್ಜ ಹೇಳುತ್ತಿದ್ದ. ಅದು ಹೆಮ್ಮೆ, ಅಪ್ಪಟ ಹೆಮ್ಮೆ.

ಅವನಿಗೆ ವರ್ಷದ ಸುಗ್ಗಿಯೂ ಉಳವಿ ಜಾತ್ರೆಯದೇ. ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಸೀಮೆಯ ಚಕ್ಕಡಿಗಳು ಹಳಿಯಾಳ ದಾಟಿ ದಾಂಡೇಲಿಗೆ ಬರುತ್ತಿದ್ದವು. ಜೊತೆಗೆ ನಡೆದು ಬರುವವರ ಕಾಲಲ್ಲಿ ಅಥಣಿಯ ಚಪ್ಪಲಿ. ಕೊಲ್ಹಾಪುರಿ ಎಂದು ಹೆಸರಾದ ಆ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದು ಕಂಡು ಅಜ್ಜನ ನೆನಪಾಯಿತು. ಅಥಣಿಯ ಕೆಲಸವನ್ನು ಅವನು ಬಿಚ್ಚುವಾಗಲೂ ಮರ್ಯಾದೆಯಿಂದ ಬಿಚ್ಚುತ್ತಿದ್ದ, ಹಳೆಯ ತೂತಿನಲ್ಲೇ ಹೊಸ ದಾರ ಹಾಯಿಸುತ್ತಿದ್ದ. ರಾತ್ರಿ ಕಂದೀಲು ಹಚ್ಚಿಕೊಂಡು ಹೊಲಿದದ್ದೂ ಉಂಟು. ಉಳವಿಗೆ ನಡೆಯುವವರಿಂದ ದುಡ್ಡು ಕೇಳುತ್ತಿರಲಿಲ್ಲ, ಕೊಟ್ಟರೆ ಹಣೆಗೊತ್ತಿಕೊಳ್ಳುತ್ತಿದ್ದ.

ಈಗ ಗಣೇಶಗುಡಿಯಲ್ಲಿ ರಾಫ್ಟಿಂಗ್ ಮಾಡಿಸುವ ಹುಡುಗರ ಕಾಲಲ್ಲಿ ಪಟ್ಟಿ ಪಟ್ಟಿಯ ದಪ್ಪ ಸ್ಯಾಂಡಲ್. ನೋಡಲು ಗಟ್ಟಿ, ಆದರೆ ಬಹಳಷ್ಟರಲ್ಲಿ ಅಟ್ಟೆಗೆ ಹೊಲಿಗೆಯಿಲ್ಲ, ಬರೀ ಅಂಟು. ಕೆಲವದರ ಅಟ್ಟೆ ಪಾಲಿಯುರೆಥೇನಿನದು. ನಮ್ಮ ಕಡೆಯ ತೇವ ಅದನ್ನು ಒಳಗಿನಿಂದಲೇ ತಿನ್ನುತ್ತದೆ, ಹಾಕದೆ ಇಟ್ಟರೂ ಒಂದು ದಿನ ಪುಡಿಯಾಗುತ್ತದೆ. ಪುಡಿಯಾದದ್ದನ್ನು ಯಾವ ಆರಿಯೂ ಹಿಡಿಯಲಾರದು. ರಬ್ಬರಿನ ಅಟ್ಟೆಯಾದರೆ ಚಿಂತೆಯಿಲ್ಲ: ಬಾಯಿ ಬಿಟ್ಟ ಕಡೆ ಮಣ್ಣು ತೊಳೆದು ಚೆನ್ನಾಗಿ ಒಣಗಿಸಿ, ಸೊಲ್ಯೂಷನ್ ಎರಡೂ ಬದಿಗೆ ಹಚ್ಚಿ, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಿ, ಆಮೇಲೆ ಸುತ್ತಲೂ ಹೊಲಿಸಬೇಕು. ಪಟ್ಟಿ ಅಟ್ಟೆಯೊಳಗೆ ಹೋಗುವ ಜಾಗದಲ್ಲಿ ಎರಡು ಸಾಲು. ಈ ಕೆಲಸ ಬಲ್ಲವರು ಪೇಟೆಗಳಲ್ಲಿ ಇನ್ನೂ ಕೂರುತ್ತಾರೆ. ಉಳವಿಗೆ ನಡೆಯುವವರು ಹೊರಡುವ ಮೊದಲೇ ಒಂದು ಸುತ್ತು ಹೊಲಿಸಿಕೊಳ್ಳಲಿ. ಹೊಲಿಯುವವರಿಗೆ ಚಹಾ ಹೇಳಲಿ, ತಾವು ಕುಡಿಯುವ ಕಪ್ಪಿನಲ್ಲೇ.