ವಿಮಾನದ ಪರವಾನೆ

ಪಾಠಶಾಲೆಯಲ್ಲಿ ಓದಿ, ಮೂವತ್ತುನಾಲ್ಕು ವರ್ಷಗಳ ಕಾಲ ಹುಡುಗರಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನನ್ನಂಥವನು ವಿಮಾನ ನಡೆಸುವ ಪರವಾನೆಯ ವಿಷಯವಾಗಿ ಬರೆಯಹೊರಟರೆ ವಾಚಕರಿಗೆ ನಗೆ ಬರುವುದು ಸಹಜವೇ ಸರಿ. ನಾನು ಬಲ್ಲ ವಿಮಾನವೆಂದರೆ ಪುಷ್ಪಕವೊಂದೇ. ಅದಕ್ಕೆ ಪರವಾನೆ ಬೇಕಾಗಿರಲಿಲ್ಲ. ಎಷ್ಟು ಮಂದಿ ಹತ್ತಿದರೂ ಇನ್ನೊಬ್ಬನಿಗೆ ಸ್ಥಳವಿರುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ 2025ನೆಯ ಇಸವಿಯ ಬೇಸಗೆಯಲ್ಲಿ ಅಮೆರಿಕಾ ದೇಶದ ಒಹಾಯೋ ಸಂಸ್ಥಾನದ ಡೇಟನ್ ನಗರದಲ್ಲಿ, ನನ್ನ ಮಗನ ಮನೆಯಲ್ಲಿ, ಐದು ತಿಂಗಳು ಇರುವ ಸಂದರ್ಭ ಒದಗಿದ್ದರಿಂದ ಈ ವಿಷಯವು ತಾನಾಗಿಯೇ ನನ್ನ ತಲೆಯ ಮೇಲೆ ಬಂದು ಬಿದ್ದಿತು.

ಡೇಟನ್ನು ರೈಟ್ ಸಹೋದರರ ಊರು. ಬೈಸಿಕಲ್ಲುಗಳನ್ನು ಮಾಡಿ ಮಾರುತ್ತಿದ್ದ ಆ ಇಬ್ಬರು ಅಲ್ಲಿಂದಲೇ ಆಕಾಶಕ್ಕೆ ಹೊರಟರು. ಆ ಊರಿನ ಗಾಳಿಯ ಗುಣವೋ ಏನೋ, ನಾಲ್ವತ್ತೊಂದು ವರ್ಷ ವಯಸ್ಸಿನ, ಇಂಜಿನಿಯರನಾದ ನನ್ನ ಮಗನಿಗೆ ತಾನೂ ವಿಮಾನ ನಡೆಸುವುದನ್ನು ಕಲಿಯಬೇಕೆಂಬ ಆಸೆ ಹುಟ್ಟಿತ್ತು. ಹೊಟ್ಟೆಯ ಪಾಡಿಗಾಗಿ ಅಲ್ಲ, ಕೇವಲ ವಿನೋದಕ್ಕಾಗಿ. ರಾತ್ರಿ ಊಟವಾದ ಮೇಲೆ ಅವನು ಕಾಗದಗಳನ್ನು ಹರಡಿಕೊಂಡು ಕೂತು ನನಗೂ ಅವುಗಳ ಅರ್ಥವನ್ನು ಬಿಡಿಸಿ ಹೇಳುತ್ತಿದ್ದನು.

ನಮ್ಮಲ್ಲಿ ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವತ್ ಎಂದು ಪರೀಕ್ಷೆಗಳಿರುವಂತೆ ಅಲ್ಲಿಯೂ ಮೆಟ್ಟಿಲುಗಳುಂಟು. ತಳದಲ್ಲಿರುವುದು 2004ರಲ್ಲಿ ಹುಟ್ಟಿದ ಸ್ಪೋರ್ಟ್ ಪೈಲಟ್ ಎಂಬುದು. ಇದಕ್ಕೆ ಕಡಮೆಯೆಂದರೆ 20 ಗಂಟೆಗಳ ಹಾರಾಟ ಸಾಕು. ಹಗಲಿನಲ್ಲಿ, ಒಬ್ಬನೇ ಒಬ್ಬ ಜೊತೆಗಾರನೊಡನೆ ಹಾರಬಹುದು. ವೈದ್ಯರ ಪತ್ರ ಬೇಡ. ಕಾರು ನಡೆಸುವ ಲೈಸೆನ್ಸೇ ಆರೋಗ್ಯಕ್ಕೆ ಸಾಕ್ಷಿ. ಮೇಲಿನದು ಪ್ರೈವೇಟ್ ಪೈಲಟ್. ಅದಕ್ಕೆ 40 ಗಂಟೆ; ರಾತ್ರಿಯೂ ಹಾರಬಹುದು, ಪೀಠಗಳಿರುವಷ್ಟು ಜನರನ್ನು ಕೂರಿಸಿಕೊಳ್ಳಬಹುದು; ಆದರೆ ಅಲ್ಲಿಯ ವಿಮಾನಯಾನದ ಇಲಾಖೆಯವರು ನೇಮಿಸಿದ ವೈದ್ಯನ ಮುಂದೆ ನಿಂತು ಪತ್ರ ಪಡೆಯಬೇಕು. ಇವೆರಡರ ನಡುವೆ 1989ರಲ್ಲಿ ಹುಟ್ಟಿದ ರಿಕ್ರಿಯೇಷನಲ್ ಪೈಲಟ್ ಎಂಬ ಮಧ್ಯಮವೊಂದಿದೆ: 30 ಗಂಟೆ, ಒಬ್ಬ ಜೊತೆಗಾರ, ಹೆಚ್ಚಿನ ಶಿಕ್ಷಣ ಪಡೆಯದೆ ಹೊರಟ ನಿಲ್ದಾಣದಿಂದ 50 ನಾವಿಕ ಮೈಲಿಗಳಾಚೆ ಹೋಗಕೂಡದು, ಇಷ್ಟಾದರೂ ವೈದ್ಯರ ಪರೀಕ್ಷೆ ತಪ್ಪದು. ಹೆಸರಿನಲ್ಲಿಯೇ ವಿನೋದವಿರುವ ಈ ಪರವಾನೆಯನ್ನು ಆರಿಸಿಕೊಳ್ಳುವವರು ಅತಿ ವಿರಳವಂತೆ. ಎರಡು ಕಡೆಯ ಕಷ್ಟಗಳನ್ನೂ ಕೂಡಿಸಿ ಒಂದು ಕಡೆಯ ಸುಖವನ್ನೂ ಪೂರ್ತಿಯಾಗಿ ಕೊಡದ ವಸ್ತುವಿಗೆ ಗಿರಾಕಿಗಳು ಬರುವುದುಂಟೆ?

ಜುಲೈ 22ರಂದು ಇಲಾಖೆಯವರು ಹೊಸ ನಿಯಮಗಳನ್ನು ಪ್ರಕಟಿಸಿದರು. ಅವುಗಳ ಮೇರೆಗೆ ಅಕ್ಟೋಬರ್ 22ರಿಂದ ಸ್ಪೋರ್ಟ್ ಪರವಾನೆಯವರು ನಾಲ್ಕು ಪೀಠಗಳ ದೊಡ್ಡ ವಿಮಾನಗಳನ್ನೂ ನಡೆಸಬಹುದಾಯಿತು. ಆದರೆ ಪೀಠಗಳು ನಾಲ್ಕಾದರೂ ಜೊತೆಗಾರನು ಒಬ್ಬನೇ! ಪುಷ್ಪಕಕ್ಕೆ ಇದು ನೇರ ವಿರುದ್ಧವಾದ ಧರ್ಮವೆಂದು ನಾನು ಹೇಳಿದೆನು. ಮಗನು ನಕ್ಕು, "ಅದಕ್ಕಾಗಿಯೇ ನಾನು ಪ್ರೈವೇಟನ್ನೇ ತೆಗೆದುಕೊಳ್ಳುತ್ತೇನಪ್ಪ. ನಿಮ್ಮನ್ನೂ ಅವಳನ್ನೂ ಒಟ್ಟಿಗೆ ಕೂರಿಸಿಕೊಂಡು ಹೋಗಬೇಕು" ಎಂದನು. ಸೊಸೆಯು ಒಳಗಿನಿಂದ, "ನಾನು ಬರುವುದಿಲ್ಲ" ಎಂದು ಕೂಗಿದಳು.

ಒಂದು ಶುಕ್ರವಾರ ರಾತ್ರಿ ಅವನು ವೈದ್ಯಪರೀಕ್ಷೆಯ ಅರ್ಜಿಯನ್ನು ಮುಂದಿಟ್ಟುಕೊಂಡಿದ್ದನು. ಜನ್ಮದಲ್ಲಿ ಎಂದಾದರೂ ಈ ಈ ರೋಗಗಳು ಬಂದಿದ್ದವೆ ಎಂದು ಕೇಳುವ ಉದ್ದವಾದ ಪಟ್ಟಿ ಅದರಲ್ಲಿತ್ತು. ಒಂದೊಂದಕ್ಕೂ "ಇಲ್ಲ" ಎಂದು ಗುರುತು ಮಾಡುತ್ತ ಬಂದವನು ತಟ್ಟನೆ ತಲೆಯೆತ್ತಿ, "ಅಪ್ಪ, ಚಿಕ್ಕಂದಿನಲ್ಲಿ ನನಗೇನೂ ಆಗಿರಲಿಲ್ಲವಷ್ಟೆ?" ಎಂದು ಕೇಳಿದನು.

"ಏನೂ ಇಲ್ಲ" ಎಂದುಬಿಟ್ಟೆನು.

ಆಗಿತ್ತು. ಅವನ ಒಂಬತ್ತನೆಯ ವಯಸ್ಸಿನಲ್ಲಿ, ಒಂದು ಬೆಳಗ್ಗೆ ಜಗಲಿಯ ಮೇಲೆ ಮಗ್ಗಿ ಹೇಳುತ್ತಿದ್ದ ಹುಡುಗ ಹಾಗೆಯೇ ಒರಗಿ ಬಿದ್ದು ಕೈಕಾಲು ಸೆಟೆದುಕೊಂಡನು. ನೆರೆಮನೆಯವರು ಬೀಗದಕೈಯ ಗೊಂಚಲನ್ನು ತಂದು ಅವನ ಮುಷ್ಟಿಯಲ್ಲಿಟ್ಟರು. ತಿಂಗಳೊಪ್ಪತ್ತಿನಲ್ಲಿ ಮತ್ತೊಮ್ಮೆ ಹಾಗೆಯೇ ಆಯಿತು. ಜ್ವರವಿರಲಿಲ್ಲ. ಜಿಲ್ಲೆಯ ಊರಿನ ವೈದ್ಯರು ಅಪಸ್ಮಾರವೆಂದು ಹೇಳಿ ಮಾತ್ರೆ ಕೊಟ್ಟರು. ಮೂರು ವರ್ಷ ನುಂಗಿಸಿದೆವು. ಪುಷ್ಟಿಯ ಮಾತ್ರೆಯೆಂದು ಅವನಿಗೆ ಹೇಳಿದ್ದೆವು. ಆ ಮೇಲೆ ಎಂದೂ ಬರಲಿಲ್ಲ. ಇದನ್ನು ಯಾರಿಗೂ ಹೇಳಕೂಡದೆಂದು ಅವನ ತಾಯಿ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಶಾಲೆಯಲ್ಲಿ ಹುಡುಗರು ಆಡಿಕೊಂಡಾರು, ಮುಂದೆ ಹೆಣ್ಣು ಕೊಡುವವರು ಹಿಂಜರಿದಾರು ಎಂಬುದು ಅವಳ ಭಯ. ಅವಳು ತೀರಿಹೋಗಿ ಏಳು ವರ್ಷಗಳಾದವು. ಆ ವೈದ್ಯರೂ ಇಲ್ಲ, ಅವರ ಚೀಟಿಗಳೂ ಇಲ್ಲ. ಲೋಕದಲ್ಲಿ ಆ ಎರಡು ಬೆಳಗ್ಗೆಗಳನ್ನು ಕಂಡು ನೆನಪಿನಲ್ಲಿಟ್ಟುಕೊಂಡವನು ನಾನೊಬ್ಬನೇ ಉಳಿದಿದ್ದೆನು.

ಮರುದಿನ ನಾನು ಒಂದು ಉಪಾಯ ಮಾಡಿದೆನು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. "ಚಿಕ್ಕ ಪರವಾನೆಯೇ ಸಾಕಲ್ಲವೆ? ಗಂಟೆ ಕಡಮೆ, ಹಣವೂ ಕಡಮೆ, ನನ್ನನ್ನು ಕೂರಿಸಿಕೊಳ್ಳುವ ಚಿಂತೆ ಬೇಡ" ಎಂದು ತರ್ಕ ಹೂಡಿದೆನು. ಮಗನು ತಾಳ್ಮೆಯಿಂದ ಇನ್ನೊಂದು ಸಂಗತಿಯನ್ನು ತಿಳಿಸಿದನು. ಕಾರಿನ ಲೈಸೆನ್ಸಿನ ಮೇಲೆ ಹಾರುವ ಅನುಕೂಲವು, ವೈದ್ಯರ ಪತ್ರಕ್ಕೆ ಅರ್ಜಿ ಹಾಕದವನಿಗೂ ಹಾಕಿ ಪಡೆದವನಿಗೂ ಉಂಟು. ಹಾಕಿ ನಿರಾಕರಿಸಲ್ಪಟ್ಟವನಿಗೆ ಇಲ್ಲ. ದೊಡ್ಡ ಬಾಗಿಲನ್ನು ತಟ್ಟಿ ಒಳಗೆ ಸೇರಿಸಿಕೊಳ್ಳದಿದ್ದರೆ ಚಿಕ್ಕ ಬಾಗಿಲೂ ಮುಚ್ಚುತ್ತದೆಯೆಂದಾಯಿತು. 2017ರಲ್ಲಿ ಬಂದ ಬೇಸಿಕ್‌ಮೆಡ್ ಎಂಬ ಸುಲಭದ ದಾರಿಯೂ ಹಿಂದೊಮ್ಮೆ ಪತ್ರ ಪಡೆದಿದ್ದವರಿಗೇ ಹೊರತು ಹೊಸಬರಿಗಲ್ಲ. "ನನಗೇನು ಭಯ? ರೋಗವೇ ಇಲ್ಲವಲ್ಲ" ಎಂದು ಅವನು ಮಾತು ಮುಗಿಸಿದನು. ಅಪಸ್ಮಾರವು ಪತ್ರವನ್ನು ತಡೆಯತಕ್ಕ ರೋಗಗಳಲ್ಲಿ ಒಂದೆಂಬುದನ್ನು ಅದೇ ಕಾಗದಗಳಲ್ಲಿ ನಾನು ಆಗಲೇ ಓದಿದ್ದೆನು. ವಿಶೇಷಾನುಮತಿಯನ್ನು ಬೇಡಬಹುದು, ಆದರೆ ಅದಕ್ಕೆ ಹಳೆಯ ದಾಖಲೆಗಳು ಬೇಕು.

ಆ ರಾತ್ರಿ ನಿದ್ರೆ ಬರಲಿಲ್ಲ. ಅವನು "ಇಲ್ಲ" ಎಂದು ಬರೆದರೆ ಅದು ಅವನ ಸುಳ್ಳಲ್ಲ, ಅವನಿಗೆ ತಿಳಿಯದು. ಸುಳ್ಳು ನನ್ನದು, ಸಹಿ ಮಾತ್ರ ಅವನದು. ಚಿಕ್ಕ ಪರವಾನೆಯನ್ನೇ ತೆಗೆದುಕೊಂಡರೂ ನಾನು ಪಾರಾಗುವಂತಿರಲಿಲ್ಲ. ಅಲ್ಲಿ ವೈದ್ಯನಿಲ್ಲವೆಂಬುದೇನೋ ನಿಜ; ಆದರೆ ಹಾರಾಟಕ್ಕೆ ಅಡ್ಡಿಯಾಗುವ ದೋಷವು ತನ್ನಲ್ಲಿದೆಯೆಂದು ಬಲ್ಲವನು ಹಾರಕೂಡದೆಂಬ ನಿಯಮ ಅದಕ್ಕೂ ಉಂಟು. ಅಲ್ಲಿ ಪ್ರತಿಯೊಬ್ಬನೂ ತನಗೆ ತಾನೇ ಪರೀಕ್ಷಕ. ಪರೀಕ್ಷಕನಿಗೆ ಉತ್ತರಪತ್ರಿಕೆಯ ಅರ್ಧವನ್ನು ಮಾತ್ರ ಕೊಟ್ಟು, ಉಳಿದುದನ್ನು ನಾನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದೆನು.

ಭಾನುವಾರ ಅವನು ನನ್ನನ್ನು ಹಫ್‌ಮನ್ ಪ್ರೇರಿ ಎಂಬ ಹುಲ್ಲುಗಾವಲಿಗೆ ಕರೆದುಕೊಂಡು ಹೋದನು. 1903ರ ಡಿಸೆಂಬರಿನಲ್ಲಿ ದೂರದ ಕಡಲಕರೆಯಲ್ಲಿ ಮೊದಲ ಹಾರಾಟವಾದ ಮೇಲೆ ರೈಟ್ ಸಹೋದರರು 1904 ಮತ್ತು 1905ರಲ್ಲಿ ನಿಜವಾಗಿ ಹಾರುವುದನ್ನು ಕಲಿತದ್ದು ಇಲ್ಲಿ. ಅವರ ತಂದೆ ಮಿಲ್ಟನ್ ರೈಟ್ ಪಾದ್ರಿಗಳಲ್ಲಿ ಬಿಷಪ್ ಪದವಿಯವರು. ಇಬ್ಬರು ಮಕ್ಕಳೂ ಒಂದೇ ವಿಮಾನದಲ್ಲಿ ಕೂರಕೂಡದೆಂದು, ಒಂದು ವೇಳೆ ಬಿದ್ದರೆ ಇಬ್ಬರೂ ಹೋದಾರೆಂದು, ಆತನು ಅವರಿಂದ ಮಾತು ತೆಗೆದುಕೊಂಡಿದ್ದನಂತೆ. 1910ರ ಮೇ 25ರಂದು ಒಂದೇ ಒಂದು ಸಲ ಆ ಮಾತನ್ನು ಸಡಿಲಿಸಿದನು. ಅದೇ ದಿನ ಎಂಬತ್ತೊಂದು ವರ್ಷದ ಆ ಮುದುಕನು ತಾನೂ ಕಿರಿಯ ಮಗನೊಡನೆ ಏರಿ, ಹೆದರುವ ಬದಲು ಇನ್ನೂ ಮೇಲಕ್ಕೆ ಇನ್ನೂ ಮೇಲಕ್ಕೆ ಎಂದು ಕೂಗಿದನಂತೆ. ಮಗನು ಇದನ್ನು ಬಹಳ ಉತ್ಸಾಹದಿಂದ ಹೇಳುತ್ತಿದ್ದನು. ನನಗೆ ತಡೆಯಲಾಗಲಿಲ್ಲ. ಅಲ್ಲಿಯೇ, ಹುಲ್ಲಿನ ನಡುವೆ ನಿಂತು, ಎಲ್ಲವನ್ನೂ ಹೇಳಿಬಿಟ್ಟೆನು.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಪರವಾನೆಯ ವಿಷಯವನ್ನು ಎತ್ತುವನೆಂದು ನಾನು ಕಾದಿದ್ದೆನು. ಅವನು ಕೇಳಿದುದು ಬೇರೆ: "ಹಾಗಾದರೆ ಅಮ್ಮ ನನ್ನನ್ನು ಕೆರೆಗೆ ಈಜಲು ಬಿಡದಿದ್ದುದು ಅದಕ್ಕೇನೆ?"

ಹೌದೆಂದೆನು. ಊರ ಹುಡುಗರೆಲ್ಲ ಈಜುತ್ತಿದ್ದಾಗ ದಡದಲ್ಲಿ ಬಟ್ಟೆ ಕಾಯುತ್ತ ಕೂತವನು ಅವನು. ತಾಯಿಗೆ ತನ್ನ ಮೇಲೆ ನಂಬಿಕೆಯಿಲ್ಲವೆಂದು ಮೂವತ್ತು ವರ್ಷ ಎಣಿಸಿಕೊಂಡಿದ್ದನಂತೆ.

ಅರ್ಜಿಯನ್ನು ಅವನು ಕಳುಹಿಸಲಿಲ್ಲ. ನರರೋಗದ ತಜ್ಞರೊಬ್ಬರಿಗೆ ತನ್ನನ್ನು ತೋರಿಸಿಕೊಂಡನು. ಅವರು ತಲೆಗೆ ತಂತಿಗಳನ್ನು ಅಂಟಿಸಿ ನೋಡಿ, ಈಗ ಯಾವ ಚಿಹ್ನೆಯೂ ಕಾಣದೆಂದೂ, ಎಂದೆಂದಿಗೂ ಬಾರದೆಂದು ಮಾತ್ರ ಯಾರೂ ಬರೆದುಕೊಡಲಾರರೆಂದೂ ತಿಳಿಸಿದರು. ಕಡೆಗೆ ಅವನು ಆರಿಸಿಕೊಂಡದ್ದು ನಾವಿಬ್ಬರೂ ಎಣಿಸದೆ ಇದ್ದುದನ್ನು: ಗ್ಲೈಡರು, ಎಂಜಿನ್ನಿಲ್ಲದ ವಿಮಾನ. ಇದಕ್ಕೆ ಪ್ರೈವೇಟ್ ಪರವಾನೆಯಾದರೂ ವೈದ್ಯರ ಪತ್ರ ಬೇಕಿಲ್ಲ. ಹೊಸಬನಿಗೆ 10 ಗಂಟೆ, 20 ಹಾರಾಟಗಳು ಕಡಮೆಯ ಲೆಕ್ಕ. ಬೇರೊಂದು ವಿಮಾನವು ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ ಮೇಲೆ ಬಿಡುತ್ತದೆ. ಅನಂತರ, ನಮ್ಮ ಹದ್ದುಗಳು ಮಧ್ಯಾಹ್ನದಲ್ಲಿ ಸುತ್ತುವಂತೆ, ಕಾದ ನೆಲದಿಂದೇಳುವ ಗಾಳಿಯನ್ನು ಹುಡುಕಿ ಸುತ್ತುತ್ತ ಏರಬೇಕು. ರೈಟ್ ಸಹೋದರರೂ ಎಂಜಿನ್ನು ಕೂರಿಸುವ ಮೊದಲು, 1900ರಿಂದ 1902ರವರೆಗೆ, ಇಂಥದರಲ್ಲಿಯೇ ಕೈ ಪಳಗಿಸಿಕೊಂಡರು. ಒಬ್ಬನೇ ಹಾರುವ ಘಟ್ಟ ಬಂದಾಗ ಮತ್ತೆ ತಜ್ಞರನ್ನು ಕೇಳುವುದಾಗಿಯೂ, ಅಲ್ಲಿಯವರೆಗೆ ಗುರುವಿಲ್ಲದೆ ನೆಲ ಬಿಡುವುದಿಲ್ಲವೆಂದೂ ಅವನು ತಾನಾಗಿಯೇ ನನಗೆ ಹೇಳಿದನು. ನಾನು ಮಾತು ತೆಗೆದುಕೊಳ್ಳಲಿಲ್ಲ.

ನವೆಂಬರಿನಲ್ಲಿ ನಾನು ಊರಿಗೆ ಹಿಂತಿರುಗಿದೆನು. ಮೊನ್ನೆ ಫೋನಿನಲ್ಲಿ ಮಾತಾಡುತ್ತ, ಹದಿನಾಲ್ಕನೆಯ ಹಾರಾಟ ಮುಗಿಯಿತೆಂದು ತಿಳಿಸಿದನು. ಗ್ಲೈಡರಿನಲ್ಲಿ ಶಿಷ್ಯನು ಮುಂದೆ, ಗುರುವು ಹಿಂದೆ ಕೂರುವುದಂತೆ. ಆ ದಿನ ಏರಿದಲ್ಲಿಂದ ಇಳಿಯುವವರೆಗೆ ಹಿಂದಿನ ಪೀಠದಿಂದ ಒಂದು ಮಾತೂ ಬರಲಿಲ್ಲವಂತೆ.