ಅಪ್ಪನ ನೋಟ್‌ಬುಕ್ಕು, ನಕ್ಷತ್ರದ ಗುರುತು ಮತ್ತು ದೊಡ್ಡಪ್ಪನ ಕಿವಿ

ನಮ್ಮಪ್ಪನ ನೋಟ್‌ಬುಕ್ಕಿನಲ್ಲಿ ಐದು ತಾಲ್ಲೂಕು ತುಂಬಿಕೊಂಡಿವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಮೇಷ್ಟ್ರಾಗಿ ಊರೂರು ತಿರುಗುವಾಗ ಕಂಡ ಜಾತ್ರೆ, ಕೇಳಿದ ಸೋಬಾನೆ ಪದ, ಗಾದೆ, ಎಲ್ಲಾ ಬರೆದಿಟ್ಟಿದ್ದಾರೆ. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಟೈಪ್ ಮಾಡಿದ್ದು ಮಾರ್ಕ್‌ಡೌನ್ ಅನ್ನೋ ಪದ್ಧತಿಯಲ್ಲಿ. 2004ರಲ್ಲಿ ಜಾನ್ ಗ್ರೂಬರ್ ಎಂಬುವರು ರೂಪಿಸಿದ್ದು. ಕಷ್ಟ ಏನಿಲ್ಲ. ತಲೆಬರಹದ ಮುಂದೆ ಒಂದು ಹ್ಯಾಷ್, ಉಪಶೀರ್ಷಿಕೆಗೆ ಎರಡು ಹ್ಯಾಷ್, ಓರೆ ಅಕ್ಷರಕ್ಕೆ ಪದದ ಎರಡೂ ಬದಿಗೆ ಒಂದೊಂದು ನಕ್ಷತ್ರ, ದಪ್ಪ ಅಕ್ಷರಕ್ಕೆ ಎರಡೆರಡು. ತಾಲ್ಲೂಕಿಗೆ ಒಂದು ಹ್ಯಾಷ್, ಊರಿಗೆ ಎರಡು ಅಂತ ಇಟ್ಟುಕೊಂಡೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತಲ್ಲ, ಜಿಲ್ಲೆ ಎಷ್ಟು ಸಲ ಬದಲಾದರೂ ನನ್ನ ಕಡತದಲ್ಲಿ ತಿದ್ದಬೇಕಾದದ್ದು ಒಂದೇ ಸಾಲು!

ತೊಡಕು ಬಂದದ್ದು ಹಡಗಲಿಯ ದೊಡ್ಡಪ್ಪನಿಂದ. ಅವರಿಗೆ ಕಣ್ಣು ಮಂಜಾಗಿದೆ. ಕಳಿಸಿದ ಬರಹವನ್ನು ಮೊಬೈಲೇ ಗಟ್ಟಿಯಾಗಿ ಓದಿ ಹೇಳಬೇಕು. ಅದು ನಡುನಡುವೆ ಹ್ಯಾಷ್, ನಕ್ಷತ್ರ ಅಂತೆಲ್ಲಾ ಉಚ್ಚರಿಸಿದರೆ ಕೇಳೋರಿಗೆ ರೇಜಿಗೆ. ಹಾಗಾಗಿ ಗುರುತುಗಳಿಲ್ಲದ ಬರಿಯ ಪಠ್ಯ ಬೇಕಿತ್ತು.

ಅದಕ್ಕೆ ಪ್ಯಾಂಡಾಕ್ ಎಂಬ ಉಚಿತ ತಂತ್ರಾಂಶ ಇದೆ. ಜಾನ್ ಮ್ಯಾಕ್‌ಫಾರ್ಲೇನ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಮಾಡಿದ್ದು. ಕಡತದ ಹೆಸರು ಕೊಟ್ಟು, 'ಪ್ಲೇನ್' ರೂಪದಲ್ಲಿ ಬೇಕು ಎಂದು ಒಂದು ಸಾಲಿನ ಆದೇಶ ಕೊಟ್ಟರೆ ಸಾಕು, ಕ್ಷಣದಲ್ಲಿ ಗುರುತುಗಳೆಲ್ಲಾ ಮಾಯ. ಪ್ರಯೋಗಕ್ಕೆ ಅಂತ ಮೊದಲು ಮೈಲಾರದ ಎರಡು ಪುಟ ಕೊಟ್ಟು ನೋಡಿದೆ.

ಮೈಲಾರದ ಕಾರಣಿಕ ನಿಮಗೆ ಗೊತ್ತೇ ಇದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ, 'ಸದ್ದಲೇ' ಎಂದು ಲಕ್ಷಾಂತರ ಜನರನ್ನು ಸುಮ್ಮನಾಗಿಸಿ, ಒಂದೇ ಮಾತು ನುಡಿದು ಕೆಳಕ್ಕೆ ಬೀಳುತ್ತಾನೆ. ಆಮೇಲೆ ಶುರು ನೋಡಿ ಜನರ ಅರ್ಥ. ಮಳೆ ಅನ್ನೋರು ಕೆಲವರು, ಬೆಳೆ ಅನ್ನೋರು ಕೆಲವರು, ರಾಜಕೀಯ ಅನ್ನೋರು ಮತ್ತೆ ಕೆಲವರು. ಅಪ್ಪ ವರ್ಷವಾರು ಬರೆದಿಟ್ಟಿದ್ದರು. ಗೊರವಯ್ಯನ ನುಡಿಗೆ ಕೆಂಪು ಶಾಯಿ, ಜನರ ಅರ್ಥಕ್ಕೆ ನೀಲಿ. ನಾನು ಕೆಂಪನ್ನು ದಪ್ಪ ಅಕ್ಷರ, ನೀಲಿಯನ್ನು ಓರೆ ಅಕ್ಷರ ಮಾಡಿದ್ದೆ. ಪ್ಯಾಂಡಾಕ್‌ನಿಂದ ಹೊರಬಂದಾಗ ಎರಡೂ ಒಂದೇ ಆಗಿಬಿಟ್ಟಿದ್ದವು. ದೇವರ ಹೆಸರಲ್ಲಿ ನುಡಿದದ್ದು ಎಲ್ಲಿಗೆ ಮುಗೀತು, ಕಟ್ಟೆ ಮೇಲೆ ಕೂತವರ ಮಾತು ಎಲ್ಲಿಂದ ಶುರುವಾಯ್ತು ಅನ್ನೋದೇ ತಿಳಿಯುವಂತಿರಲಿಲ್ಲ. ಅಪ್ಪ ಓದಿ, 'ಇದು ಕಾರಣಿಕ ಅಲ್ಲ, ಚಹಾದಂಗಡಿ ಸುದ್ದಿ ಆತು' ಅಂದರು.

ಅದೇ ತಂತ್ರಾಂಶದಲ್ಲಿ ಇನ್ನೊಂದು ಆಯ್ಕೆ ಇದೆ. ಓರೆ ಪದದ ಅಕ್ಕಪಕ್ಕ ಅಡಿಗೆರೆ ಉಳಿಸುತ್ತದೆ, ದಪ್ಪ ಪದವನ್ನು ದೊಡ್ಡಕ್ಷರಕ್ಕೆ ತಿರುಗಿಸುತ್ತದೆ. ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲಿವೆ? ಇದ್ದರೂ ಕಿವಿಯಲ್ಲಿ ಕೇಳೋರಿಗೆ ಅದರಿಂದ ಏನು ಪ್ರಯೋಜನ?

ಕೊನೆಗೆ ಉಳಿದದ್ದು ಒಂದೇ ದಾರಿ. ಗುರುತು ಏನು ಹೇಳುತ್ತಿತ್ತೋ ಅದನ್ನು ಮಾತಿನಲ್ಲೇ ಬರೆಯೋದು. ದಪ್ಪ ಸಾಲುಗಳ ಮುಂದೆ 'ಕಾರಣಿಕ' ಎಂದೂ ಓರೆ ಸಾಲುಗಳ ಮುಂದೆ 'ಜನರ ಅರ್ಥ' ಎಂದೂ ಸೇರಿಸಿ, ಆಮೇಲೆ ಪರಿವರ್ತಿಸಿದೆ. ಸೋಬಾನೆ ಪದಗಳಿಗೂ ಇದೇ ಎಚ್ಚರ ಬೇಕು. ಸಾಲು ಮುರಿದು ಬರೆದಿದ್ದರೂ ಮಾರ್ಕ್‌ಡೌನ್ ಅವನ್ನೆಲ್ಲಾ ಒಟ್ಟು ಸೇರಿಸಿ ಗದ್ಯ ಮಾಡಿಬಿಡುತ್ತದೆ. ಪ್ಯಾಂಡಾಕ್‌ನಲ್ಲಿ ಪ್ರತಿ ಸಾಲಿನ ಮುಂದೆ ಒಂದು ನಿಂತ ಗೆರೆ ಹಾಕಿ ಜಾಗ ಬಿಟ್ಟರೆ ಸಾಲು ಹಾಗೇ ಉಳಿಯುತ್ತದೆ. ಮಾತುಕತೆಯನ್ನು ಅಡ್ಡಗೆರೆಯಿಂದ ಶುರು ಮಾಡಿದರೆ ಅದನ್ನು ಪಟ್ಟಿ ಅಂತ ತಿಳಿಯುತ್ತದೆ, ಅಲ್ಲಿ ಮಾತಾಡಿದವರ ಹೆಸರು ಹಾಕೋದು ಒಳ್ಳೇದು. ಮೊಬೈಲಿಗೆ ಕಳಿಸುವಾಗ ಸಾಲು ಮಡಚಬೇಡ ಅನ್ನೋ ಆದೇಶವನ್ನೂ ಕೊಡಿ. ಇಲ್ಲದಿದ್ದರೆ ವಾಕ್ಯ ಅರ್ಧಕ್ಕೇ ತುಂಡಾಗಿ ಕಾಣುತ್ತದೆ.

ನಿಮ್ಮ ಮನೆಯಲ್ಲೂ ಹಿರಿಯರ ಡೈರಿ, ಹಾಡಿನ ಪುಸ್ತಕ ಇರಬಹುದು. ಟೈಪ್ ಮಾಡುವ ಮೊದಲು ಅವರ ಹತ್ತಿರವೇ ಕೂತು, ಈ ಗೆರೆ ಯಾಕೆ, ಈ ಬಣ್ಣ ಯಾಕೆ ಅಂತ ಕೇಳಿಕೊಳ್ಳಿ. ಬಣ್ಣದ ಅರ್ಥ ಬಲ್ಲವರು ಅವರೊಬ್ಬರೇ. ಗುರುತಿರುವ ಕಡತವನ್ನು ಮೂಲ ಅಂತ ಜೋಪಾನ ಮಾಡಿ, ಬರಿಯ ಪಠ್ಯವನ್ನು ಹಂಚಿ. ದೊಡ್ಡಪ್ಪ ಈಗ ಮೈಲಾರ ಮುಗಿಸಿ ಕೊಟ್ಟೂರಿನ ತೇರು ಕೇಳುತ್ತಿದ್ದಾರೆ. ಜನರ ಅರ್ಥ ಬಂದಾಗಲೆಲ್ಲಾ ಮೊಬೈಲ್ ನಿಲ್ಲಿಸಿ, ಅದು ಹಂಗಲ್ಲ ಅಂತ ತಮ್ಮದೂ ಒಂದು ಅರ್ಥ ಹೇಳಿದರಂತೆ. ಅದನ್ನೂ ಬರಕೊಂಡಿದ್ದೇನೆ, ದೊಡ್ಡಪ್ಪನ ಅರ್ಥ ಅಂತ ಬೇರೆ ಹೆಸರು ಕೊಟ್ಟು.